ಹೊಸ್ತಿಲು ಕಾಣುವ ತಿಂಗಳು

ಮೇ ಹದಿನೇಳು. ಹಿನ್ನೀರು ಇನ್ನೂ ಇಳಿಯುತ್ತಿದೆ.
ಹಳೇ ಬಾಗಲಕೋಟೆಯ ಓಣಿಗಳು ಒಂದೊಂದಾಗಿ
ಕೆಸರು ಕೊಡವಿ ಏಳುತ್ತಿವೆ,
ನಿದ್ದೆ ಸಾಲದ ಮಕ್ಕಳ ಹಾಗೆ.

ಬೆಳಗಿನ ಐದಕ್ಕೆ ನವನಗರದಿಂದ ಸೈಕಲ್ ತಂದೆ.
ಹಿಂದೆ ದಾವಲಸಾಬ, ಕೈಯಲ್ಲಿ ಪಾನಾ, ಬಾಯಲ್ಲಿ ಬೈಗುಳ:
"ಸೆಕ್ಟರ್ ಮೂವತ್ತೊಂದರಾಗ ಚೊಲೋ ಡಾಂಬರ್ ಐತಿ.
ಅಲ್ಲಿಂದ ಹೊಂಡೂದು ಬಿಟ್ಟು
ಈ ರಾಡ್ಯಾಗ ಏನೈತೆವಾ ನಿಂದು?"

ಒಂದು ಹೊಸ್ತಿಲು ಇದೆ.
ನಡುವೆ ಸವೆದ ಕಲ್ಲು. ಚೌಕಟ್ಟಿಲ್ಲ, ಗೋಡೆಯಿಲ್ಲ,
ಮೇಲೆ ಮೂರು ಕಪ್ಪೆಚಿಪ್ಪು.
ಇದಕ್ಕೆ ಸರಕಾರ ಕೊಟ್ಟ ಬೆಲೆ ನನಗೆ ಪೈಸೆ ಸಹಿತ ಬಾಯಿಪಾಠ.
ಇಲ್ಲಿ ಹೇಳುವುದಿಲ್ಲ.

ಅಪ್ಪ ಸರ್ವೆ ಆಫೀಸಿನ ಜವಾನ, ಸರಪಳಿ ಎಳೆಯುವವ.
ಐನೂರಾ ಹತ್ತೊಂಬತ್ತು ಮೀಟರಿನ ಕೆಂಪು ಗೆರೆಯನ್ನು
ಊರ ಗೋಡೆಗಳಿಗೆ ಹೊಡೆಯುತ್ತ ಹೊಡೆಯುತ್ತ
ನಮ್ಮ ಗೋಡೆಗೂ ಬಂದ.
ಹೊಡೆದ. ಬ್ರಷ್ ತೊಳೆದ. ಊಟಕ್ಕೆ ಕೂತ.
ಗೆರೆ ನನ್ನ ಎದೆಮಟ್ಟಕ್ಕಿತ್ತು. ಆಗ ನನಗೆ ಹದಿಮೂರು.

ಅವನ ಮಾತು ಒಂದೇ:
"ಅಳತಿ ಎಲ್ಲಿಂದ ಸುರು ಆತೋ
ಅಲ್ಲಿಗೇ ಬಂದು ಕೂಡಬೇಕವಾ.
ಕೂಡಲಿಲ್ಲಂದ್ರ ಎಷ್ಟು ದೂರ ತಿರಗಿದ್ರೂ
ಅದಕ್ಕ ಅಳತಿ ಅನ್ನಂಗಿಲ್ಲ,
ಅಡ್ಡಾಟ ಅಂತಾರ."

ನನಗೆ ಬೇಕಾಗಿದ್ದದ್ದು ಅಡ್ಡಾಟವೇ, ಸುಳ್ಳೇಕೆ ಹೇಳಲಿ.
ಇಪ್ಪತ್ತೆರಡು ವರ್ಷ ಪಿಕೋ-ಫಾಲ್ ಹೊಲಿದೆ.
ತುಳಿದದ್ದು ನಾನು, ಮುಂದೆ ಹೋದದ್ದು ಅರಿವೆ.
ಕರೆಂಟು ಹೋದ ಒಂದು ಮಧ್ಯಾಹ್ನ ಲೆಕ್ಕ ಹಾಕಿದೆ:
ದಿನಕ್ಕೆ ಹದಿನೆಂಟು ಸೀರೆ, ಸೀರೆಗೆ ಐದೂವರೆ ಮೀಟರು,
ಹಬ್ಬ, ಸೂತಕ, ಜ್ವರ ಕಳೆದು
ವರ್ಷಕ್ಕೆ ಮುನ್ನೂರು ದಿನ.
ಒಟ್ಟು ಆರುನೂರಾ ಐವತ್ತು ಕಿಲೋಮೀಟರು ಮತ್ತು ಚಿಲ್ಲರೆ.
ಅಂದರೆ ಮುಂಬಯಿ ದಾಟಿ ಇನ್ನೂ ಸ್ವಲ್ಪ ದೂರ,
ಕುರ್ಚಿಯಿಂದ ಏಳದೆ.

ಮೆಷಿನ್ ಮಾರಿದೆ. ಆಮೇಲೆ ಪ್ಲಾಟು.
ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸಪ್ಪ ಕೇಳಿದ:
"ಜಗತ್ತು ಸುತ್ತಾಕ ಯಾರ್ಯಾರು ಕೂಡಿ ಹೊಂಟೀರಿ?"
"ಒಬ್ಬಾಕೀನ."
ಪೆನ್ನು ತಡೆಯಿತು. ಚಹಾ ಪೂರ್ತಿ ಕುಡಿದು ಬರೆದ:
ನಡತೆ ಉತ್ತಮ.

ಮೂರು ದಿನದಿಂದ ಮಾತು ಬಿಟ್ಟ ನೀಲವ್ವ ವೈನಿ
ನಾನು ಮಲಗಿದ ಮೇಲೆ ಚೀಲಕ್ಕೆ ತುಂಬಿದ್ದು
ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿ,
ದಾರ ಪೋಣಿಸಿಟ್ಟ ಸೂಜಿ.
ಬೆಳಿಗ್ಗೆ ಬಾಗಿಲ ಹಿಂದಿನಿಂದ ಒಂದೇ ಪ್ರಶ್ನೆ:
"ಇರಾನದಾಗ ನೀರು ಸಪ್ಪಗ ಇರತಾವೇನು, ಉಪ್ಪಗ?"
ನನಗೂ ಗೊತ್ತಿರಲಿಲ್ಲ.

ಹದಿನೈದು ತಿಂಗಳ ದಾರಿ.
ತಿರುಗಿ ಬರುವಾಗ ಶ್ರಾವಣ, ಡ್ಯಾಂ ತುಂಬಿರುತ್ತದೆ,
ಈ ಕಲ್ಲು ಕಾಣುವುದಿಲ್ಲ.
ದಂಡೆಗೆ ಸೈಕಲ್ ಒರಗಿಸಿ ನೀರಿಗಿಳಿಯಬೇಕು,
ಓಣಿಯ ತಿರುವು ನೆನಪಿಸಿಕೊಳ್ಳುತ್ತ
ಅಂಗಾಲಿನಿಂದ ಸವೆದ ತಗ್ಗನ್ನು ಹುಡುಕಬೇಕು.
ಅಪ್ಪ ಗೆರೆ ಸರಿಯಾಗಿ ಹೊಡೆದಿದ್ದರೆ
ನೀರು ಆಗ ನನ್ನ ಸೊಂಟಕ್ಕೆ ಬರುತ್ತದೆ.
ಮೂವತ್ತು ವರ್ಷದಲ್ಲಿ ಅಷ್ಟು ಬೆಳೆದಿದ್ದೇನೆ.

"ಈಸು ಬರತೈತೇನು?" ದಾವಲಸಾಬನ ಸವಾಲು.
"ಇಲ್ಲ."
"ಹಂಗಾರ ದಾರ್ಯಾಗ ಕಲಿ."

ಗಾಲಿಯನ್ನು ಹೊಸ್ತಿಲಿಗೇರಿಸಿದೆ. ಕಪ್ಪೆಚಿಪ್ಪು ಕಟಕ್ಕೆಂದಿತು.
ಸುಸ್ಸ್.
ಸೊನ್ನೆ ಕಿಲೋಮೀಟರಿನಲ್ಲಿ ಮೊದಲ ಪಂಚರ್.

ದಾವಲಸಾಬನ ಮುಖ ಮೊದಲ ಸಲ ಅರಳಿತು.
ಕುಕ್ಕರಗಾಲಲ್ಲಿ ಕೂತು ಟ್ಯೂಬ್ ಬಿಚ್ಚಿದ,
ಅಡುಗೆಮನೆ ಇದ್ದ ಕಡೆ ಇನ್ನೂ ನಿಂತಿದ್ದ ನೀರಿನಲ್ಲಿ ಅದ್ದಿ
ಗುಳ್ಳೆಗಾಗಿ ಕಾದ.
ಎದ್ದವು, ಸಣ್ಣವು, ಒಂದರ ಬೆನ್ನಿಗೊಂದು,
ಒಲೆ ಇದ್ದ ಜಾಗದಲ್ಲಿ,
ಎಸರು ಕುದಿಯಲು ಸುರುವಾದ ಹಾಗೆ.

ತೇಪೆ ಒಣಗಲು ಹತ್ತು ನಿಮಿಷ.
ಆರೂ ಹತ್ತಕ್ಕೆ ಹೊರಟೆ.